ಇತಿಹಾಸಕ್ಕೆ ಸೋಮವಾರ ರಜೆ

ದೆಹಲಿಯಲ್ಲಿ ಇತಿಹಾಸಕ್ಕೆ ಸೋಮವಾರ ವಾರದ ರಜೆ. ಕೆಂಪುಕೋಟೆ ಮುಚ್ಚಿರುತ್ತದೆ. ನ್ಯಾಷನಲ್ ಮ್ಯೂಸಿಯಂ ಮುಚ್ಚಿರುತ್ತದೆ. ರೈಲು ಮ್ಯೂಸಿಯಂ, ಪ್ರಧಾನಿಗಳ ಮ್ಯೂಸಿಯಂ, ಆಧುನಿಕ ಕಲೆಯ ಗ್ಯಾಲರಿ, ಎಲ್ಲಕ್ಕೂ ಬೀಗ. ಇತಿಹಾಸ ಹೋಗಲಿ, ದೇವರಾದರೂ ಸಿಗಲಿ ಅಂದುಕೊಂಡರೆ ಅಕ್ಷರಧಾಮ, ಲೋಟಸ್ ಟೆಂಪಲ್ ಕೂಡ ಸೋಮವಾರ ಇಲ್ಲ. ನಮ್ಮ ಕಡೆಯವರು ಶನಿವಾರ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಎರಡು ರಾತ್ರಿ ಮಲಗಿ ಎದ್ದು ದೆಹಲಿಯಲ್ಲಿ ಇಳಿದರೆ ಸರಿಯಾಗಿ ಸೋಮವಾರ ಬೆಳಿಗ್ಗೆ. ಸರ್ಕಾರದ ಒಂದು ಇಲಾಖೆಗೂ ಇನ್ನೊಂದಕ್ಕೂ ಮಾತುಕತೆಯೇ ಇಲ್ಲ ಎಂದು ದೂರುವವರು ಇದನ್ನು ನೋಡಬೇಕು. ರೈಲ್ವೆಯವರೂ ಮ್ಯೂಸಿಯಂನವರೂ ಎಷ್ಟು ಚೆನ್ನಾಗಿ ಹೊಂದಿಸಿಕೊಂಡಿದ್ದಾರೆ!

ಹಾಗೆ ಇಳಿದ ನಮ್ಮ ತಂಡಕ್ಕೆ ಚಿಕ್ಕಪ್ಪನೇ ನಾಯಕ. ಜೊತೆಗೆ ಚಿಕ್ಕಮ್ಮ, ಅವರ ಮಗಳು, ಅಂದರೆ ನನ್ನ ತಂಗಿ, ಅವಳ ಮಗ ಪುಟ್ಟ. ಚಿಕ್ಕಪ್ಪ ತಾಲ್ಲೂಕು ಕಚೇರಿಯಲ್ಲಿ ಜೀವ ಸವೆಸಿ ನಿವೃತ್ತರಾದವರು. ಬೇರೆಯವರು ದೆಹಲಿಯಲ್ಲಿ ಮೊಘಲರನ್ನು ಹುಡುಕಿದರೆ ಇವರು ಬೋರ್ಡು ಓದುತ್ತಾರೆ. ಏನೇನು ಮಾಡಬಾರದು ಎಂಬ ಪಟ್ಟಿ ಉದ್ದವಾದಷ್ಟೂ ಅವರ ಮುಖ ಅರಳುತ್ತದೆ. ‘ಡ್ರಾಫ್ಟಿಂಗ್ ಅಂದ್ರೆ ಇದು ಕಣೋ’ ಎಂದು ನನ್ನ ಬೆನ್ನು ತಟ್ಟುತ್ತಾರೆ, ನಾನೇ ಬರೆದಿದ್ದೇನೋ ಎಂಬಂತೆ.

ಸೋಮವಾರವೂ ಬಾಗಿಲು ತೆರೆದಿರುವ ಪುಣ್ಯಾತ್ಮ ಕುತುಬ್ ಮಿನಾರ್. ಅಲ್ಲಿ ಭಾರತೀಯರಿಗೆ ಕೌಂಟರಿನಲ್ಲಿ 40 ರೂಪಾಯಿ, ಮೊಬೈಲಿನಲ್ಲಿ 35. ವಿದೇಶಿಯರಿಗೆ 600. ಇದು ಅನ್ಯಾಯ ಎಂದು ತಂಗಿಗೆ ಮರುಕ. ಒಳಗೆ ಹೋದ ಮೇಲೆ ಅವಳಿಗೆ ಸಮಾಧಾನವಾಯಿತು. 600 ಕೊಟ್ಟವರನ್ನೂ 35 ಕೊಟ್ಟವರನ್ನೂ ಮಿನಾರಿನ ಹೊರಗೇ ನಿಲ್ಲಿಸುತ್ತಾರೆ.

ಮಿನಾರಿನೊಳಗೆ 379 ಮೆಟ್ಟಿಲುಗಳಿವೆ. ಹತ್ತುವಂತಿಲ್ಲ. 1981ರ ಡಿಸೆಂಬರಿನಲ್ಲಿ ಒಳಗೆ ದೀಪ ಹೋಗಿ, ಕತ್ತಲಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು. ಅದರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಅದು ನಗುವ ವಿಷಯವಲ್ಲ. ಆಮೇಲೆ ಬಾಗಿಲು ಹಾಕಿದ್ದೂ ಸರಿಯೇ. ಆದರೆ ಅಲ್ಲಿಂದ ಇಲ್ಲಿಯವರೆಗೆ ದೇಶ ಚಂದ್ರನ ಮೇಲೆ ಗಾಡಿ ಇಳಿಸಿದೆ. ಕುತುಬ್ ಮಿನಾರಿನಲ್ಲಿ ಅಂದು ಹೋದ ಕರೆಂಟು ಮಾತ್ರ ಇನ್ನೂ ಬಂದಿಲ್ಲ. ಒಂದು ಸಲಕ್ಕೆ ಹತ್ತು ಜನರನ್ನು ಬಿಡುವುದು, ಒಂದು ಬ್ಯಾಟರಿ ದೀಪ ಇಡುವುದು, ಇಂಥದ್ದಕ್ಕೆಲ್ಲ ಸಮಿತಿ ಬೇಕಾಗುತ್ತದೆ. ಬೀಗಕ್ಕೆ ಬೇಕಾಗುವುದಿಲ್ಲ.

ಹತ್ತಲು ಬಿಡದಿದ್ದರೆ ಜನ ಏನು ಮಾಡಬೇಕು? ಚಿವುಟುತ್ತಾರೆ. ದೂರ ನಿಂತು, ಮಿನಾರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದಂತೆ ಫೋಟೊ ತೆಗೆಸಿಕೊಳ್ಳುವುದು. ಅಲ್ಲಿ ಸಾಲಾಗಿ ನಿಂತು ಇಡೀ ಭಾರತ ಚಿವುಟುತ್ತಿತ್ತು. ಗುಜರಾತಿನವರು, ಬಂಗಾಳದವರು, ನಾವು. ಅನೇಕತೆಯಲ್ಲಿ ಏಕತೆ ಪಠ್ಯಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಪಕ್ಕದಲ್ಲೇ ಕಬ್ಬಿಣದ ಕಂಬ. ಸುಮಾರು 1600 ವರ್ಷದ್ದು. ತುಕ್ಕು ಹಿಡಿದಿಲ್ಲ. ಬೆನ್ನು ಆನಿಸಿ ನಿಂತು, ಕೈ ಹಿಂದೆ ಹಾಕಿ ಕಂಬವನ್ನು ತಬ್ಬಿದರೆ, ಬೆರಳು ಬೆರಳಿಗೆ ತಾಗಿದರೆ ಅದೃಷ್ಟ ಎಂದು ಜನ ನಂಬಿದ್ದರು. 1997ರಲ್ಲಿ ಸುತ್ತ ಬೇಲಿ ಹಾಕಿದರು. ಮುಟ್ಟಿ ಮುಟ್ಟಿ ಕಂಬ ಹಾಳಾಗುತ್ತದಂತೆ. ಹದಿನಾರು ಶತಮಾನದ ಮಳೆ, ಗಾಳಿ, ದಂಡಯಾತ್ರೆ ಎಲ್ಲವನ್ನೂ ತಡೆದ ಕಂಬ ಕೊನೆಗೆ ಸೋತದ್ದು ಪ್ರವಾಸಿಗರ ಬೆವರಿಗೆ. ಈಗ ಕಂಬಕ್ಕೆ ಬಣ್ಣ ಬೇಡ, ಬೇಲಿಗೆ ಆಗಾಗ ಬೇಕು. ‘ಬೇಲಿ ಮಾಡಿದವನಿಗೆ ಆ ಕಂಬ ಮಾಡಿದವನ ಹತ್ತಿರ ಟ್ರೈನಿಂಗ್ ಕೊಡಿಸಬೇಕಿತ್ತು’ ಎಂದರು ಚಿಕ್ಕಮ್ಮ. ಅವರು ಆಗಲೇ ಸ್ವಲ್ಪ ಸಿಟ್ಟಿನಲ್ಲಿದ್ದರು. ಗೇಟಿನಲ್ಲಿ ಅವರ ಚೀಲ ಬಿಚ್ಚಿಸಿ, ಕೋಡುಬಳೆ ಹೊರಗಿಡಿಸಿ, ಚಟ್ನಿಪುಡಿಯ ಡಬ್ಬಿಯನ್ನು ಮೂಸಿ ನೋಡಿದ್ದರು. ಮೂಸಿದ ಹುಡುಗ ಸೀನುತ್ತಲೇ ನಮ್ಮನ್ನು ಒಳಗೆ ಬಿಟ್ಟ. ಅದೊಂದೇ ನಮಗಾದ ನ್ಯಾಯ.

ಇನ್ನು ಪುರಾತತ್ವ ಇಲಾಖೆಯ ನೀಲಿ ಬೋರ್ಡು. ದೇಶದ ಯಾವ ಸ್ಮಾರಕಕ್ಕೆ ಹೋದರೂ ಮೊದಲು ಸ್ವಾಗತಿಸುವುದು ಇದೇ. ಇದನ್ನು ಯಾರು ಕಟ್ಟಿಸಿದರು, ಯಾಕೆ ಕಟ್ಟಿಸಿದರು ಎಂಬುದು ಆಮೇಲೆ. ಕೆಡಿಸಿದರೆ ಎಷ್ಟು ವರ್ಷ ಜೈಲು ಎಂಬುದು ಮೊದಲು. ಈಗಿನ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಇಷ್ಟೆಲ್ಲ ಬೆದರಿಸಿದ ಮೇಲೂ ಆಗಿದ್ದೇನು? ಕೆಲವು ವರ್ಷಗಳ ಹಿಂದೆ ಸಂಸ್ಕೃತಿ ಸಚಿವಾಲಯವೇ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡಿತು: ಕೇಂದ್ರದ ರಕ್ಷಣೆಯಲ್ಲಿದ್ದ 3,693 ಸ್ಮಾರಕಗಳ ಪೈಕಿ 50 ಕಾಣೆ. 14 ಊರು ಬೆಳೆಯುವ ಭರಾಟೆಯಲ್ಲಿ ಹೋದವು. 12 ಅಣೆಕಟ್ಟುಗಳ ನೀರಿನಲ್ಲಿ ಮುಳುಗಿದವು. ಉಳಿದ 24 ಎಲ್ಲಿವೆ ಎಂದು ಗೊತ್ತಿಲ್ಲ.

ಗೊತ್ತಿಲ್ಲ! ಪೆನ್ನು ಕಳೆಯುತ್ತದೆ, ಕೊಡೆ ಕಳೆಯುತ್ತದೆ. ಗೋರಿ ಹೇಗೆ ಕಳೆಯುತ್ತದೆ? ದೆಹಲಿಯ ಬಾರಾಖಂಬಾ ಸ್ಮಶಾನ ಹಾಗೆ ಕಳೆದುಹೋದ ಪೈಕಿ ಒಂದು. ರಾಜಧಾನಿಯ ನಡುಮಧ್ಯೆ, ಸಮಾಧಿಗಳ ಸಮೇತ ಕಳೆದುಹೋಯಿತು. ಒಂದಷ್ಟು ಹುಡುಕಿ, 2024ರಲ್ಲಿ ಇಂಥ 18 ಸ್ಮಾರಕಗಳನ್ನು ಪಟ್ಟಿಯಿಂದಲೇ ತೆಗೆದರು. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರು ಕೈ ಮುಗಿಯುವುದೊಂದು ಬಾಕಿ. ‘ನೋಡು, ಫೈಲ್ ಕ್ಲೋಸ್ ಮಾಡೋದು ಅಂದ್ರೆ ಹಾಗೆ.’ ಪುಟ್ಟನಿಗೆ ಮಾತ್ರ ಒಂದು ಅನುಮಾನ. ‘ಮಾಮ, ಒಳಗೆ ಹೋಗುವಾಗ ಚೀಲ ನೋಡ್ತಾರೆ. ಹೊರಗೆ ಬರುವಾಗ ಯಾರೂ ನೋಡಲ್ಲ. ಹಂಗೇ ಹೋಗಿರಬಹುದಾ?’ ಇರಬಹುದು ಮರಿ.

ನಾವು ಪ್ರವಾಸಿಗರೂ ಕಡಿಮೆಯವರಲ್ಲ. ಸರ್ಕಾರಕ್ಕೆ ತೋರಿಸಲು ಇಷ್ಟವಿಲ್ಲ, ನಮಗೆ ನೋಡಲು ಪುರುಸೊತ್ತಿಲ್ಲ. ಇಬ್ಬರ ನಡುವೆ ಒಂದು ಒಳ್ಳೆಯ ಒಪ್ಪಂದವೇ ಇದೆ. ಟೂರ್ ವ್ಯಾನಿನವನು ಕೆಂಪುಕೋಟೆಯ ಎದುರು ನಿಲ್ಲಿಸಿ ‘ಬೀಸ್ ಮಿನಿಟ್’ ಎನ್ನುತ್ತಾನೆ. ಷಾಜಹಾನ್ ಸುಮಾರು ಒಂಬತ್ತು ವರ್ಷ ತೆಗೆದುಕೊಂಡು ಕಟ್ಟಿಸಿದ್ದನ್ನು ನಾವು ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕು. ಅದರಲ್ಲಿ ಟಾಯ್ಲೆಟ್ಟೂ ಸೇರಿತು. ಸಂಜೆ ಲಾಡ್ಜಿಗೆ ಬಂದು ಊರಿಗೆ ಫೋನ್ ಮಾಡಿದಾಗ ಯಾರೂ ಏನು ನೋಡಿದಿರಿ ಎಂದು ಕೇಳುವುದಿಲ್ಲ. ‘ಎಷ್ಟು ಕವರ್ ಆಯ್ತು?’

ನ್ಯಾಷನಲ್ ಮ್ಯೂಸಿಯಂನಲ್ಲಿ ಮೊಹೆಂಜೊದಾರೊದ ನರ್ತಕಿಯ ಎದುರು ನಿಂತು ಚಿಕ್ಕಮ್ಮ ‘ಇಷ್ಟೇನಾ?’ ಎಂದರು. ಅವಳ ಎತ್ತರ 10.5 ಸೆಂಟಿಮೀಟರ್. ಪಠ್ಯಪುಸ್ತಕದ ಚಿತ್ರದಲ್ಲಿ ಅರ್ಧ ಪುಟ ಇದ್ದವಳು ಇಲ್ಲಿ ಅಂಗೈಯಷ್ಟು. ಆದರೂ ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ ನಿಂತ ಠೀವಿ ನೋಡಬೇಕು. ನಿಮ್ಮ ಟಿಕೆಟ್ಟು, ನಿಮ್ಮ ಸಾಲು, ನಿಮ್ಮ ಸೋಮವಾರ, ಯಾವುದೂ ಅವಳಿಗೆ ಲೆಕ್ಕಕ್ಕಿಲ್ಲ. ನನಗೆ ದೆಹಲಿಯಲ್ಲಿ ಇಷ್ಟವಾದವಳು ಇವಳೊಬ್ಬಳೇ.

ಇವಳನ್ನೂ ಸರ್ಕಾರ ಸುಮ್ನೆ ಬಿಡಲಿಲ್ಲ. 2023ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಮ್ಯೂಸಿಯಂ ಮೇಳ ನಡೆಯಿತು. ಅದರ ಲಾಂಛನಕ್ಕೆ ಇದೇ ನರ್ತಕಿಯನ್ನು ಐದಡಿ ಎತ್ತರ ಮಾಡಿದರು. ಮೈತುಂಬ ಬಟ್ಟೆ ತೊಡಿಸಿದರು. ಗುಲಾಬಿ ಬಣ್ಣದ ಕುಪ್ಪಸ, ಅದರ ಮೇಲೆ ಇನ್ನೊಂದು ಅಂಗಿ. ಅದೂ ನಮ್ಮ ಚನ್ನಪಟ್ಟಣದ ಗೊಂಬೆಯ ಶೈಲಿಯಲ್ಲಿ. ಜನ ಗಲಾಟೆ ಮಾಡಿದಾಗ, ಇದು ಮೂಲದ ನಕಲಲ್ಲ, ಇಂದಿನ ಕಾಲಕ್ಕೆ ತಕ್ಕ ದ್ವಾರಪಾಲಿಕೆ ಎಂಬಂಥ ವಿವರಣೆ ಬಂತು. ಸುಮಾರು 4,500 ವರ್ಷ ಬಳೆ, ಕೊರಳ ಸರ ಬಿಟ್ಟರೆ ಬೇರೇನೂ ಇಲ್ಲದೆ ನಿಂತವಳನ್ನು ನೋಡಿ ಮಣ್ಣಿಗೂ ನಾಚಿಕೆ ಆಗಿರಲಿಲ್ಲ, ಅಗೆದವರಿಗೂ ಆಗಿರಲಿಲ್ಲ. ಸಚಿವಾಲಯಕ್ಕೆ ಆಯಿತು. ಬಾಗಿಲು ಕಾಯುವ ಕೆಲಸ ಕೊಟ್ಟಮೇಲೆ ಯೂನಿಫಾರ್ಮ್ ಕೊಡಲೇಬೇಕಲ್ವಾ?

ಈ ಮ್ಯೂಸಿಯಂ ಇನ್ನು ಮುಂದೆ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗೆ ಹೋಗುತ್ತದಂತೆ. ಇಷ್ಟು ಕಾಲ ದೇಶದ ದೊಡ್ಡ ದೊಡ್ಡ ಕಚೇರಿಗಳಿದ್ದ ಕಟ್ಟಡಗಳು. ‘ಯುಗೇ ಯುಗೀನ್ ಭಾರತ್’ ಎಂದು ಹೊಸ ಹೆಸರೂ ಸಿದ್ಧವಾಗಿದೆ. ಚಿಕ್ಕಪ್ಪ ಇದಕ್ಕೆ ತುಂಬು ಬೆಂಬಲ ಕೊಟ್ಟರು. ‘ಅಲ್ಲಿರೋ ಫೈಲು ಖಾಲಿ ಮಾಡೋದೇ ಬೇಡ ಕಣೋ. ಮೇಲೊಂದು ಗಾಜಿನ ಪೆಟ್ಟಿಗೆ ಮುಚ್ಚಿ, ಕೆಳಗೆ ಕಾಲ ತಿಳಿದುಬಂದಿಲ್ಲ ಅಂತ ಚೀಟಿ ಅಂಟಿಸಿದ್ರೆ ಮುಗೀತು.’

ಹೆಸರು ಅಂದೆನಲ್ಲ, ದೆಹಲಿಯಲ್ಲಿ ದುರಸ್ತಿಗಿಂತ ಅಗ್ಗವಾದದ್ದು ಅದೊಂದೇ. ಕಿಂಗ್ಸ್‌ವೇ ರಾಜಪಥವಾಗಿತ್ತು, 2022ರಲ್ಲಿ ಕರ್ತವ್ಯಪಥವಾಯಿತು. ರೇಸ್‌ಕೋರ್ಸ್ ರಸ್ತೆ ಲೋಕ ಕಲ್ಯಾಣ ಮಾರ್ಗವಾಯಿತು. ಮೊಘಲ್ ಗಾರ್ಡನ್ ಅಮೃತ ಉದ್ಯಾನವಾಯಿತು. ಗುಲಾಬಿ ಗಿಡಗಳಿಗೆ ಯಾರೂ ತಿಳಿಸಿಲ್ಲ, ಅವು ಮೊದಲಿನ ಹಾಗೇ ಹೂ ಬಿಡುತ್ತವೆ. ಆಟೊದವನಿಗೂ ಯಾರೂ ತಿಳಿಸಿಲ್ಲ. ಅವನಿಗೆ ಗೊತ್ತಿರುವ ಹೆಸರು ಒಂದೇ, ಇಂಡಿಯಾ ಗೇಟ್. ಗೊತ್ತಿರುವ ದರ ಒಂದೇ, ಡಬಲ್.

ಇಂಡಿಯಾ ಗೇಟಿನ ಹಿಂದೆ ಒಂದು ಕಲ್ಲಿನ ಮಂಟಪವಿದೆ. ಅಲ್ಲಿ ಐದನೇ ಜಾರ್ಜ್ ದೊರೆ ನಿಂತಿದ್ದ. 1968ರಲ್ಲಿ ಅವನನ್ನು ಎತ್ತಿ ಊರಾಚೆ ಕೊರೊನೇಷನ್ ಪಾರ್ಕಿಗೆ ಕಳಿಸಿದರು. ಅವನ ಜಾಗಕ್ಕೆ ಯಾರು ಎಂದು ತೀರ್ಮಾನವಾಗಲು 2022 ಬರಬೇಕಾಯಿತು. ಅಲ್ಲಿಯವರೆಗೆ ದೇಶದ ಮುಖ್ಯ ರಸ್ತೆಯ ತುದಿಯಲ್ಲಿ ಖಾಲಿ ಮಂಟಪ. ‘ನಮ್ಮ ಆಫೀಸಲ್ಲಿ ಜೀಪ್ ಡ್ರೈವರ್ ಪೋಸ್ಟ್ ವರ್ಷಗಟ್ಟಲೆ ಖಾಲಿ ಇತ್ತು. ಅದೇ ರೆಕಾರ್ಡ್ ಅಂದ್ಕೊಂಡಿದ್ದೆ’ ಎಂದು ಚಿಕ್ಕಪ್ಪ ಸ್ವಲ್ಪ ಸಪ್ಪಗಾದರು. ಈಗ ಅಲ್ಲಿ ನೇತಾಜಿ ಇದ್ದಾರೆ, 28 ಅಡಿಯ ಕಪ್ಪು ಕಲ್ಲಿನಲ್ಲಿ. ಕಡೆದವರು ಮೈಸೂರಿನ ಅರುಣ್ ಯೋಗಿರಾಜ್ ಎಂದು ಗೊತ್ತಾದ ಮೇಲೆ ಚಿಕ್ಕಮ್ಮ ದೆಹಲಿಯನ್ನು ಅರ್ಧ ಕ್ಷಮಿಸಿದರು.

ಇನ್ನರ್ಧ ತೀನ್ ಮೂರ್ತಿಯಲ್ಲಿ ಕ್ಷಮಿಸಬಹುದಿತ್ತು. ಅಲ್ಲಿನ ವೃತ್ತದಲ್ಲಿ ಮೂವರು ಸೈನಿಕರ ಪ್ರತಿಮೆಗಳಿವೆ. ಹೈದರಾಬಾದ್, ಜೋಧಪುರ, ಮೂರನೆಯದು ಮೈಸೂರು. 1918ರಲ್ಲಿ ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಆದರೆ ಅದು ಟ್ರಾಫಿಕ್ಕಿನ ನಟ್ಟನಡುವೆ. ನಮ್ಮ ವ್ಯಾನ್ ವೃತ್ತವನ್ನು ಸುತ್ತಿದ್ದು ಕೆಲವೇ ಸೆಕೆಂಡು. ಮೂವರಲ್ಲಿ ನಮ್ಮವನು ಯಾರು ಎಂದು ಚಿಕ್ಕಮ್ಮ ಕೇಳುವಷ್ಟರಲ್ಲಿ ಮೂವರೂ ಹಿಂದೆ ಹೋಗಿದ್ದರು. ಇದೂ ಕವರ್ ಆಯ್ತು.

ಹಾಗಾದರೆ ಈ ಊರಿನಲ್ಲಿ ಜನರನ್ನು ನೆಟ್ಟಗೆ ಒಳಗೆ ಕರೆದು, ಮಾತು ಕೇಳುವ ಸ್ಮಾರಕ ಒಂದೂ ಇಲ್ಲವೇ? ಇದೆ. ಫಿರೋಜ್ ಷಾ ಕೋಟ್ಲಾ. ಕ್ರಿಕೆಟ್ ಮೈದಾನವಲ್ಲ, ಅದರ ಪಕ್ಕದ ಪಾಳು ಕೋಟೆ. ಫಿರೋಜ್ ಷಾ ತುಘಲಕ್ 14ನೇ ಶತಮಾನದಲ್ಲಿ ಈಗಿನ ಹರಿಯಾಣದ ಟೋಪ್ರಾದಿಂದ ಅಶೋಕನ ಕಂಬವೊಂದನ್ನು ಹೊತ್ತು ತರಿಸಿ ಇಲ್ಲಿ ನಿಲ್ಲಿಸಿದ. ಕಂಬದ ಮೇಲೆ ಏನು ಬರೆದಿದೆ ಎಂದು ಅವನಿಗೂ ತಿಳಿಯಲಿಲ್ಲ. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ. ಬರೆಸಿದ ದೊರೆ ಅಶೋಕನೇ ಎಂದು ಕಲ್ಲಿನ ಮೇಲೆ ಹೆಸರು ಸಮೇತ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ನಮ್ಮ ತಂಡದಲ್ಲಿ ಮಸ್ಕಿಗೆ ಹೋದವರು ಯಾರೂ ಇಲ್ಲ. ಅಲ್ಲಿಗೆ ಟೂರ್ ಪ್ಯಾಕೇಜ್ ಇಲ್ಲವಲ್ಲ.

ಈ ಕೋಟೆಯಲ್ಲಿ ಜಿನ್ನುಗಳು, ಅಂದರೆ ಕಣ್ಣಿಗೆ ಕಾಣದ ಶಕ್ತಿಗಳು, ಇವೆ ಎಂದು ಜನರ ನಂಬಿಕೆ. ಗುರುವಾರ ಜನ ಬರುತ್ತಾರೆ. ಕಷ್ಟವನ್ನು ಕಾಗದದಲ್ಲಿ ಬರೆದು ಗೋಡೆಯ ಗೂಡುಗಳಲ್ಲಿ ಇಟ್ಟು ದೀಪ ಹಚ್ಚುತ್ತಾರೆ. ಕೆಲಸ ಸಿಗಲಿ, ಕೋರ್ಟು ಕೇಸು ಮುಗಿಯಲಿ, ಗಂಡ ಕುಡಿಯುವುದು ಬಿಡಲಿ. ಕೆಲವರು ಅರ್ಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೊ ಅಂಟಿಸುತ್ತಾರೆ. ಒಂದೇ ಅರ್ಜಿಯ ಜೆರಾಕ್ಸ್ ಪ್ರತಿಗಳನ್ನು ಬೇರೆ ಬೇರೆ ಗೂಡಿನಲ್ಲಿ ಇಡುತ್ತಾರೆ.

ಚಿಕ್ಕಪ್ಪ ಅಲ್ಲೇ ನಿಂತುಬಿಟ್ಟರು. ಅವರ ಕಣ್ಣಲ್ಲಿ ನೀರಾಡಿದ್ದನ್ನು ತಾಜ್‌ಮಹಲಿನಲ್ಲಿ ಕೂಡ ನಾನು ಕಂಡಿಲ್ಲ. ‘ಟಪಾಲು ಸೆಕ್ಷನ್ ಬೇರೆ ಬೇರೆ. ಪ್ರತಿ ಸೆಕ್ಷನ್ನಿಗೂ ಒಂದು ಕಾಪಿ. ಆಧಾರ್ ಕೇಳಲ್ಲ, ಸರ್ವರ್ ಡೌನ್ ಅನ್ನಲ್ಲ, ನಾಳೆ ಬಾ ಅನ್ನಲ್ಲ. ರಜೆ ಇದೆಯೋ ಇಲ್ವೋ ವಿಚಾರಿಸು.’ ವಿಚಾರಿಸಿದೆ. ಜಿನ್ನುಗಳಿಗೆ ಸೋಮವಾರದ ರಜೆ ಇರುವಂತೆ ಯಾರೂ ಹೇಳಲಿಲ್ಲ.

ಅವರು ಪುಟ್ಟನ ಬ್ಯಾಗಿನಿಂದ ನೋಟ್‌ಬುಕ್ ಈಸಿಕೊಂಡು, ಕಲ್ಲಿನ ಮೇಲೆ ಕೂತು ಬರೆಯತೊಡಗಿದರು. ಅಂಚು ಮಡಿಸಿ, ಮಾರ್ಜಿನ್ ಬಿಟ್ಟು, ಗುಂಡಗೆ.

‘ಇವರಿಗೆ, ಮಾನ್ಯ ಜಿನ್ ಸಾಹೇಬರು, ಫಿರೋಜ್ ಷಾ ಕೋಟ್ಲಾ, ದೆಹಲಿ. ವಿಷಯ: ಕುತುಬ್ ಮಿನಾರಿನಲ್ಲಿ 1981ನೇ ಸಾಲಿನಲ್ಲಿ ಹೋದ ದೀಪವನ್ನು ಹಾಕಿಸಿಕೊಡುವ ಬಗ್ಗೆ ಹಾಗೂ ಕಾಣೆಯಾದ ಸ್ಮಾರಕಗಳನ್ನು ಹುಡುಕಿಸಿಕೊಡುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ...’

‘ಅಪ್ಪ, ಇದನ್ನ ಇಲಾಖೆಗೇ ಕೊಡಬಹುದಲ್ವಾ?’ ಎಂದಳು ತಂಗಿ.

‘ಕೊಟ್ರೆ ಅವರೂ ತಂದು ಇಲ್ಲೇ ಇಡೋದು.’

ಪುಟ್ಟ ಬಗ್ಗಿ ನೋಡಿದ. ‘ತಾತ, ಎಲ್ಲ ಕನ್ನಡದಲ್ಲಿ ಬರ್ದಿದ್ದೀಯ. ಜಿನ್ನಿಗೆ ಕನ್ನಡ ಬರುತ್ತಾ?’

‘ಬರದೆ ಏನು? ಅದೇನು ಬ್ಯಾಂಕ್ ಮ್ಯಾನೇಜರಾ?’ ಎಂದು ಚಿಕ್ಕಪ್ಪ ಸಹಿ ಹಾಕಿ, ಕೆಳಗೆ ದಿನಾಂಕ ಬರೆದರು.