ಸೂತ್ರದ ಹಾಳೆ ಕೊಟ್ಟುಬಿಡ್ರಿ, ಟೇಬಲ್ ಓದೋದು ಕಲಿಸ್ರಿ

ಧಾರವಾಡ, ಹುಬ್ಬಳ್ಳಿ, ಗದಗ ಎಲ್ಲೇ ನೋಡ್ರಿ, ಡಿಗ್ರಿ ಮೊದಲ ವರ್ಷದ ಸಂಖ್ಯಾಶಾಸ್ತ್ರ ಅಂದ್ರೆ ಸೂತ್ರ ಬಾಯಿಪಾಠ. ಆದರೆ ಎಷ್ಟೋ ಅಂಕ ಸೋರಿಹೋಗುವುದು ಸೂತ್ರ ಮರೆತು ಅಲ್ಲ. ಲೆಕ್ಕವೆಲ್ಲ ಸರಿ ಮಾಡಿ, ಕೊನೆಗೆ ಟೇಬಲ್ಲಿನ (ಸಿದ್ಧ ಬೆಲೆಗಳ ಪಟ್ಟಿಯ) ತಪ್ಪು ಮನೆಯಿಂದ ಸಂಖ್ಯೆ ಎತ್ತಿ, ತೀರ್ಮಾನ ಉಲ್ಟಾ ಬರೆಯುವುದರಿಂದ. ಸೂತ್ರದ ಹಾಳೆಯನ್ನು ಪರೀಕ್ಷಾ ಹಾಲ್‌ನಲ್ಲೇ ಕೊಟ್ಟುಬಿಡಬೇಕು, ಉಳಿದ ಪಿರಿಯಡ್‌ಗಳಲ್ಲಿ ಟೇಬಲ್ ಓದಿಸಬೇಕು ಅನ್ನುವ ಪಕ್ಷ ನನ್ನದು.

ಝಡ್ ಟೇಬಲ್ಲನ್ನೇ ತಗೊಳ್ಳಿ. ಗಂಟೆಯಾಕಾರದ ರೇಖೆಯ ಕೆಳಗಿನ ಕ್ಷೇತ್ರಫಲ ಕೊಡುವ ಪಟ್ಟಿ ಅದು, ಆ ಕ್ಷೇತ್ರಫಲವೇ ಸಂಭವನೀಯತೆ. ಪಠ್ಯಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಜಾತಿ. ಒಂದು ಸೊನ್ನೆಯಿಂದ ಝಡ್‌ವರೆಗಿನ ಕ್ಷೇತ್ರಫಲ ಕೊಡುತ್ತದೆ, ಇನ್ನೊಂದು ಎಡತುದಿಯಿಂದ ಝಡ್‌ವರೆಗಿನದು. 1.25ಕ್ಕೆ ಮೊದಲನೆಯದರಲ್ಲಿ 0.3944, ಎರಡನೆಯದರಲ್ಲಿ 0.8944. ಅದರ ಬಲಕ್ಕೆ ಎಷ್ಟು ಅಂತ ಕೇಳಿದರೆ ಮೊದಲನೆಯದನ್ನು 0.5ರಿಂದ, ಎರಡನೆಯದನ್ನು 1ರಿಂದ ಕಳೆಯಬೇಕು. ಎರಡೂ ಕಡೆ 0.1056. ನೋಟ್ಸ್ ಒಂದು ಜಾತಿಯದು, ಪರೀಕ್ಷೆಯಲ್ಲಿ ಕೊಟ್ಟ ಟೇಬಲ್ ಇನ್ನೊಂದು ಜಾತಿಯದು ಆಯ್ತೋ, 0.5ರಿಂದ 0.8944 ಕಳೆದು ಮೈನಸ್ ಸಂಭವನೀಯತೆ ಬರೆದು ಕೆಳಗೆ ಎರಡು ಗೆರೆ ಎಳೆದು ಬರುವವರಿದ್ದಾರೆ! ಟೇಬಲ್ಲಿನ ತಲೆಯ ಮೇಲೆ ಗಂಟೆಯಾಕಾರದ ರೇಖೆಯೊಳಗೆ ಕಪ್ಪು ಮಾಡಿದ ಭಾಗ ಇರುತ್ತದಲ್ಲ, ಅದನ್ನು ಮೊದಲು ನೋಡಬೇಕು. ಚಿತ್ರವೇ ಇಲ್ಲದಿದ್ದರೆ 0.00ರ ಎದುರು ನೋಡಿ. 0.0000 ಇದ್ದರೆ ಮೊದಲನೆಯದು. 0.5000ದಿಂದ ಏರುತ್ತ ಹೋದರೆ ಎರಡನೆಯದು. ಇಳಿಯುತ್ತ ಹೋದರೆ ಅದು ನೇರ ಬಲಬಾಲದ್ದು (ಝಡ್‌ನಿಂದ ಬಲತುದಿವರೆಗಿನದು), ಕಳೆಯುವ ಕೆಲಸವೇ ಇಲ್ಲ.

ಸಣ್ಣ ಮಾದರಿಯ ಸರಾಸರಿ ಪರೀಕ್ಷಿಸುವ ಟಿ ಟೇಬಲ್ ಇನ್ನೂ ನಾಜೂಕು. ಬ್ಯಾಡಗಿ ಮೆಣಸಿನಕಾಯಿ ಚೀಲದ ಸರಾಸರಿ ತೂಕ 25 ಕೆ.ಜಿ. ಅನ್ನುವುದು ಹೇಳಿಕೆ. 10 ಚೀಲ ತೂಗಿದಾಗ ಸರಾಸರಿ 24.6, ಮಾನಕ ವಿಚಲನೆ (ತೂಕಗಳ ಹರಡಿಕೆಯ ಅಳತೆ, 9ರಿಂದ ಭಾಗಿಸಿದ್ದು) 0.6 ಬಂತು ಅಂತಿಟ್ಟುಕೊಳ್ಳಿ. ಟಿ ಬೆಲೆ ಮೈನಸ್ 2.11. ನೋಡಬೇಕಾದ ಸಾಲು 10 ಅಲ್ಲ, 9; ಚೀಲಗಳ ಸಂಖ್ಯೆಗಿಂತ ಒಂದು ಕಡಿಮೆ, ಇದಕ್ಕೇ ಸ್ವಾತಂತ್ರ್ಯಾಂಕ ಅನ್ನುವುದು. ‘ತೂಕ 25 ಹೌದೋ ಅಲ್ಲವೋ’ ಅನ್ನುವುದು ಪ್ರಶ್ನೆಯಾದರೆ ಎರಡು ಬಾಲ (ರೇಖೆಯ ಎರಡೂ ತುದಿ), 5% ಮಟ್ಟಕ್ಕೆ (ನಿಜವಾದ ಹೇಳಿಕೆಯನ್ನು ತಪ್ಪಾಗಿ ತಳ್ಳಿಹಾಕುವ ಸಾಧ್ಯತೆ 5%) ಟೇಬಲ್ ಬೆಲೆ 2.262; ಚಿಹ್ನೆ ಬಿಟ್ಟು ನೋಡಿದರೆ ನಮ್ಮ 2.11 ಅದನ್ನು ದಾಟಿಲ್ಲ, ಹೇಳಿಕೆ ತಳ್ಳಿಹಾಕುವಂತಿಲ್ಲ. ‘ತೂಕ ಕಡಿಮೆ ಇದೆಯೋ’ ಅಂತಾದರೆ ಒಂದೇ ಬಾಲ, 1.833; 2.11 ದಾಟಿದೆ, ತಳ್ಳಿಹಾಕಬೇಕು. ಚೀಲ ಅವೇ, ತಕ್ಕಡಿ ಅದೇ, ತೀರ್ಪು ಬೇರೆ. ಅದಕ್ಕೇ ಎಷ್ಟು ಬಾಲ ಅನ್ನುವುದನ್ನು ಚೀಲ ತೂಗುವ ಮುಂಚೆಯೇ ಬರೆದಿಡಬೇಕು. ರೂಢಿಬಲದಿಂದ ಝಡ್ ಟೇಬಲ್ಲಿನ 1.96 ಹಾಕಿದವರು ಎರಡು ಬಾಲದ ಪ್ರಶ್ನೆಯಲ್ಲೂ ಹೇಳಿಕೆ ತಳ್ಳಿಹಾಕಿ ಕೂತಿರುತ್ತಾರೆ.

ಸೂತ್ರ ಕೈಗೆ ಕೊಟ್ಟರೂ ಇಲ್ಲೊಂದು ಕಡೆ ಎಡವುತ್ತಾರೆ. ಮಾನಕ ವಿಚಲನೆಯನ್ನು 9ರಿಂದ ಭಾಗಿಸಿ ತೆಗೆದಿದ್ದರೆ ಅದರ ಕೆಳಗೆ 10ರ ವರ್ಗಮೂಲ. 10ರಿಂದ ತೆಗೆದಿದ್ದರೆ 9ರ ವರ್ಗಮೂಲ. ಪುಸ್ತಕಗಳಲ್ಲಿ ಎರಡೂ ಇವೆ, ಉತ್ತರವೂ ಒಂದೇ. ಕಲಬೆರಕೆ ಮಾಡಿದರೆ ಇದೇ ಚೀಲಗಳಿಗೆ 2.22 ಅಥವಾ 2.00 ಬರುತ್ತದೆ. ಸೂತ್ರದ ಹಾಳೆಯಲ್ಲಿ ಯಾವುದು ಅಂತ ಒಂದು ಸಾಲು ಬರೆದಿರಬೇಕು. ಕ್ಯಾಲ್ಕುಲೇಟರ್‌ನಲ್ಲೂ ಎರಡಕ್ಕೂ ಬೇರೆ ಬೇರೆ ಬಟನ್.

ಸಾಲು-ಕಾಲಂಗಳ ಎಣಿಕೆಗಳಲ್ಲಿ ಸಂಬಂಧ ಇದೆಯೋ ಅಂತ ನೋಡುವ ಕೈ-ಸ್ಕ್ವೇರ್‌ನಲ್ಲಿ ತಪ್ಪುವುದು ಒಟ್ಟು ಮೊತ್ತದ ಸಾಲನ್ನೂ ಎಣಿಸಿದಾಗ. 3 ಸಾಲು, 3 ಕಾಲಂ ಇದ್ದರೆ ಎರಡರಲ್ಲೂ ಒಂದೊಂದು ಕಳೆದು ಗುಣಿಸಿದ 2×2, ಅಂದರೆ ಸ್ವಾತಂತ್ರ್ಯಾಂಕ 4, 5% ಮಟ್ಟಕ್ಕೆ ಟೇಬಲ್ ಬೆಲೆ 9.488. ಮೊತ್ತಗಳನ್ನೂ ಸೇರಿಸಿದವರಿಗೆ 3×3, ಅಂದರೆ 9 ಆಗಿ 16.919 ಸಿಗುತ್ತದೆ.

ಹಲವು ಸರಾಸರಿಗಳನ್ನು ಒಟ್ಟಿಗೆ ಹೋಲಿಸುವಾಗ ಬೇಕಾಗುವ ಎಫ್ ಟೇಬಲ್ಲಿನ ಗೋಳು ಧಾರವಾಡದ ಕೃಷಿ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. 4 ಗೊಬ್ಬರ, ಒಂದೊಂದಕ್ಕೆ 5 ತಾಕು, ಎಲ್ಲವನ್ನೂ ಚೀಟಿ ಎತ್ತಿ ಹಂಚಿದ್ದು. ಮೇಲ್ಗಡೆ 3 (4 ಗೊಬ್ಬರಕ್ಕೆ ಒಂದು ಕಡಿಮೆ), ಎಡಗಡೆ 16 (20 ತಾಕಿಗೆ 4 ಕಡಿಮೆ) ನೋಡಿದರೆ 5% ಮಟ್ಟಕ್ಕೆ 3.24, ಅದಲುಬದಲಾದರೆ 8.69. ಎಫ್ ಬೆಲೆ 4.5 ಬಂದಿದ್ದರೆ, 8.69 ಹಿಡಿದವರು ಗೊಬ್ಬರಗಳಲ್ಲಿ ವ್ಯತ್ಯಾಸ ಇದ್ದೂ ಇಲ್ಲ ಅಂತ ಬರೆದಂತಾಯ್ತು.

‘ಎಕ್ಸೆಲ್ ಇರುವಾಗ ಟೇಬಲ್ ಯಾಕ್ರೀ’ ಅನ್ನುವವರು ಒಮ್ಮೆ ಎಕ್ಸೆಲ್ ತೆರೆದೇ ನೋಡಲಿ. ಟಿ.ಐಎನ್‌ವಿ.2ಟಿ ಫಂಕ್ಷನ್‌ಗೆ 0.05, 9 ಕೊಟ್ಟರೆ 2.262. ಅದೇ ಎರಡು ಅಂಕಿಗಳನ್ನು ಟಿ.ಐಎನ್‌ವಿಗೆ ಕೊಟ್ಟರೆ ಮೈನಸ್ 1.833, ಎಡಬಾಲ ಒಂದರದ್ದು. ಎಷ್ಟು ಬಾಲ ಅಂತ ಅದು ಕೇಳುವುದೂ ಇಲ್ಲ.