ಕರ್ನಲ್ ಸಾಹೇಬರ ಅಕ್ಷರ ಉಚ್ಚಾಟನೆ

ಪತ್ರಿಕೆಯ ಯಜಮಾನರಿಗೆ ಸಿಟ್ಟು ಬಂದರೆ ಸಂಪಾದಕರು ನಡುಗುವುದು ಲೋಕರೂಢಿ. ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಯಜಮಾನ ಕರ್ನಲ್ ರಾಬರ್ಟ್ ಮೆಕಾರ್ಮಿಕ್ ಸಿಟ್ಟಾದಾಗ ಇಂಗ್ಲಿಷ್ ಅಕ್ಷರಮಾಲೆಯೇ ನಡುಗಿತು. ತಮ್ಮ ಪತ್ರಿಕೆಯ ಪದಗಳೊಳಗೆ ಕೂಲಿ ಮಾಡದೆ, ಅಂದರೆ ಉಚ್ಚಾರಕ್ಕೆ ಬಾರದೆ, ಕುಳಿತು ಉಣ್ಣುವ ಮೂಕ ಅಕ್ಷರಗಳನ್ನು 1934ರಲ್ಲಿ ಅವರು ಸಾಲಾಗಿ ನಿಲ್ಲಿಸಿ ಮನೆಗೆ ಕಳುಹಿಸತೊಡಗಿದರು. ‘ಥ್ರೂ’ ಎಂಬ ಪದ ಓ, ಜಿ, ಎಚ್ ಮೂರನ್ನೂ ಕಳೆದುಕೊಂಡು ಟಿ, ಎಚ್, ಆರ್, ಯು ಎಂಬ ನಾಲ್ಕೇ ಅಕ್ಷರಗಳ ಬಡ ಸಂಸಾರವಾಯಿತು. ‘ದೋ’ ಕೂಡ ಬಾಲ ಕತ್ತರಿಸಿಕೊಂಡಿತು. ದ್ವೀಪದ ‘ಐಲ್ಯಾಂಡ್’ನಿಂದ ಎಸ್ ಸಮುದ್ರಕ್ಕೆ ಬಿತ್ತು. ಬೆಚ್ಚಿಬೀಳುವುದನ್ನು ಸೂಚಿಸುವ ‘ಅಗಾಸ್ಟ್’ ತನ್ನ ಎಚ್ ಹೋದದ್ದನ್ನು ಕಂಡು ನಿಜಕ್ಕೂ ಬೆಚ್ಚಿಬಿದ್ದಿರಬೇಕು. ಶವ ಸಾಗಿಸುವ ‘ಹರ್ಸ್’ ಗಾಡಿಯನ್ನೂ ಬಿಡದೆ ಅದರೊಳಗಿನ ಎ ಅಕ್ಷರವನ್ನು ಇಳಿಸಿದರು. ಪ್ರಯಾಣಿಕನಿಗೆ ಇದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಹಿಂದೆ ಇದೇ ಸಾಹಸಕ್ಕೆ ಕೈಹಾಕಿ ಸುಟ್ಟುಕೊಂಡವರು ಸಾಮಾನ್ಯರಲ್ಲ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಹೊಸ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯದ ಮೇಲೆ ಹೇರಲು ಹೋಗಿ, ಪತ್ರಿಕೆಗಳಿಂದ ಗೇಲಿ ಮಾಡಿಸಿಕೊಂಡು, ಸಂಸತ್ತೂ ತಿರುಗಿಬಿದ್ದಾಗ ಅದೇ ವರ್ಷ ಹಿಂದೆ ಸರಿದರು. ಆ ಸುಧಾರಣೆಗೆ ಉಕ್ಕಿನ ದೊರೆ ಕಾರ್ನೆಗಿಯ ಹಣವೂ ಇತ್ತು. ಆದರೆ ಅಧ್ಯಕ್ಷರಿಗೆ ಸಂಸತ್ತು ಎಂಬ ಕಾಟವಿದೆ. ಪತ್ರಿಕೆಯ ಯಜಮಾನರಿಗೆ ಅದಿಲ್ಲ. ಟ್ರಿಬ್ಯೂನ್ ತನ್ನನ್ನು ತಾನೇ ‘ವಿಶ್ವದ ಅತಿಶ್ರೇಷ್ಠ ಪತ್ರಿಕೆ’ ಎಂದು ಕರೆದುಕೊಳ್ಳುತ್ತಿತ್ತು. ‘ವರ್ಲ್ಡ್ಸ್ ಗ್ರೇಟೆಸ್ಟ್ ನ್ಯೂಸ್‌ಪೇಪರ್’ ಎಂಬ ಆ ಬಿರುದಿನ ಇಂಗ್ಲಿಷ್ ಮೊದಲಕ್ಷರಗಳನ್ನೇ ಜೋಡಿಸಿ ತನ್ನ ರೇಡಿಯೋ ಕೇಂದ್ರಕ್ಕೂ ‘ಡಬ್ಲ್ಯೂಜಿಎನ್’ ಎಂದು ನಾಮಕರಣ ಮಾಡಿತ್ತು. ಇಷ್ಟು ವಿನಯವಿದ್ದವರಿಗೆ ನಿಘಂಟು ಯಾವ ಲೆಕ್ಕ?

ಕತ್ತರಿ ಮಾತ್ರ ಊರೆಲ್ಲ ಸುತ್ತಿ ಮನೆಯ ಬಾಗಿಲಲ್ಲಿ ಮೊಂಡಾಯಿತು. ‘ಸಿಎಚ್’ ಬರೆದು ‘ಷ’ ಎನ್ನುವ ಷಿಕಾಗೋ ಹಾಗೆಯೇ ಉಳಿಯಿತು. ಮೆಕಾರ್ಮಿಕ್ ಎಂಬ ಹೆಸರಿನ ತುದಿಯಲ್ಲಿ ಸಿ, ಕೆ ಎರಡೂ ಒಂದೇ ಕೆಲಸಕ್ಕೆ ಎರಡು ಸಂಬಳ ಎಣಿಸುತ್ತಿದ್ದವು. ಅವುಗಳಲ್ಲಿ ಒಂದನ್ನಾದರೂ ನಿವೃತ್ತಿಗೊಳಿಸುವ ಆಲೋಚನೆ ಕರ್ನಲ್ ಸಾಹೇಬರಿಗೆ ಹೊಳೆಯಲಿಲ್ಲ. ಈ ವಿಷಯದಲ್ಲಿ ನಮ್ಮವರೇ ವಾಸಿ. ಬರೆಹಕ್ಕೆ ಮಹಾಪ್ರಾಣ ಬೇಡವೆಂದು ವಾದಿಸಿದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ತಮ್ಮ ಹೆಸರಿನ ‘ಭ’ವನ್ನೇ ‘ಬ’ ಮಾಡಿಕೊಂಡರು. ವಾದವನ್ನು ಒಪ್ಪಿ, ಬಿಡಿ, ಸ್ವಂತ ಮನೆಯ ತೆರಿಗೆ ಕಟ್ಟಿಯೇ ಊರಿಗೆ ಬುದ್ಧಿ ಹೇಳಿದವರು ಅವರು.

ಅಕ್ಷರಗಳ ಮೇಲೆ ಇಷ್ಟು ಕಣ್ಣಿಟ್ಟ ಪತ್ರಿಕೆ ಸುದ್ದಿಯ ಮೇಲೂ ಇಟ್ಟಿದ್ದರೆ ಚೆನ್ನಾಗಿತ್ತು. ಅಧ್ಯಕ್ಷ ಚುನಾವಣೆಯ ಮರುದಿನ, 1948ರ ನವೆಂಬರ್ 3ರ ಸಂಚಿಕೆಯಲ್ಲಿ, ಮುದ್ರಣ ಕಾರ್ಮಿಕರ ಮುಷ್ಕರದಿಂದಾಗಿ ಗಂಟೆಗಟ್ಟಲೆ ಮೊದಲೇ ಅಚ್ಚಿಗೆ ಹೋಗಬೇಕಾಗಿ ಬಂದು, ‘ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ’ ಎಂಬ ದಪ್ಪಕ್ಷರದ ತಲೆಬರಹ ಹೊರಬಿತ್ತು. ಗೆದ್ದ ಟ್ರೂಮನ್ ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಅದೇ ಪತ್ರಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಯಿ ತುಂಬ ನಗುತ್ತ ಛಾಯಾಗ್ರಾಹಕರಿಗೆ ತೋರಿಸಿದರು. ಕಾಗುಣಿತ ಸರಿಯಾಗಿಯೇ ಇತ್ತು, ಅಧ್ಯಕ್ಷರು ಮಾತ್ರ ತಪ್ಪಾಗಿದ್ದರು.

ಇದೆಲ್ಲದರ ಪೆಟ್ಟು ತಿಂದವರು ಷಿಕಾಗೋದ ಮಕ್ಕಳು. ಮನೆಗೆ ಬರುವ ಪತ್ರಿಕೆಯಲ್ಲಿ ಒಂದು ಕಾಗುಣಿತ, ಶಾಲೆಯ ಹಲಗೆಯ ಮೇಲೆ ಇನ್ನೊಂದು. ‘ವಿಶ್ವದ ಅತಿಶ್ರೇಷ್ಠ ಪತ್ರಿಕೆ’ಯನ್ನು ನಂಬಿ ಬರೆದ ಹುಡುಗನಿಗೆ ಮೇಡಂ ಕೊಡುತ್ತಿದ್ದುದು ಕೆಂಪು ಗೆರೆ. ಮೇಡಂ ಬಳಿ ಅಂಕಗಳಿದ್ದವು, ಕರ್ನಲ್ ಬಳಿ ಇರಲಿಲ್ಲ.

1955ರಲ್ಲಿ ಮೆಕಾರ್ಮಿಕ್ ತೀರಿಕೊಂಡರು. ಯಜಮಾನರ ತತ್ತ್ವಗಳಿಗೆ ಯಜಮಾನರಷ್ಟೇ ಆಯುಸ್ಸು. ಅದೇ ವರ್ಷ ಹಲವು ಉಚ್ಚಾಟಿತ ಅಕ್ಷರಗಳು ಸದ್ದಿಲ್ಲದೆ ಕೆಲಸಕ್ಕೆ ಮರಳಿದವು. ‘ಥ್ರೂ’, ‘ದೋ’ ಮಾತ್ರ ಹಠ ಹಿಡಿದು ಉಳಿದು 1975ರಲ್ಲಿ ಶರಣಾದವು. ಮಕ್ಕಳಿಗೂ ಮೇಷ್ಟ್ರಿಗೂ ಇನ್ನು ಜಗಳ ಹಚ್ಚುವುದಿಲ್ಲ ಎಂದು ಪತ್ರಿಕೆ ಸಂಪಾದಕೀಯವನ್ನೇ ಬರೆಯಿತು. ಅದು ಹೊಳೆಯಲು 41 ವರ್ಷ ಬೇಕಾಯಿತು.

ಸೋತ ಕಾಗುಣಿತ ಆಮೇಲೆ ಗೆದ್ದದ್ದು ತಿಂಡಿಯ ದಾರಿಯಲ್ಲಿ. ಅಧ್ಯಕ್ಷರಿಗೂ ಕರ್ನಲ್‌ಗೂ ಆಗದ ಕೆಲಸವನ್ನು ಬರ್ಗರ್ ಅಂಗಡಿಗಳು ಮಾಡಿ ಮುಗಿಸಿವೆ. ಕಾರಿನಿಂದ ಇಳಿಯದೆ ತಿಂಡಿ ಪಡೆಯುವ ‘ಡ್ರೈವ್ ಥ್ರೂ’ ಕಿಟಕಿಯ ಫಲಕದಲ್ಲಿ ಇಂದು ಎಲ್ಲೆಲ್ಲೂ ಆ ನಾಲ್ಕೇ ಅಕ್ಷರಗಳು. ನಮ್ಮ ಬೆಂಗಳೂರಿನಲ್ಲೂ ಅಷ್ಟೇ. ಮೂರಕ್ಷರ ಉಳಿಸಿದ್ದಕ್ಕೆ ಬಿಲ್ಲಿನಲ್ಲಿ ರಿಯಾಯಿತಿಯೇನೂ ಇಲ್ಲ.