ಕಲ್ಲಾಗುವ ಕಷ್ಟ

ಕಥೆಗಳಲ್ಲಿ ಕಲ್ಲಾಗುವುದು ಬಲು ಸಲೀಸು. ಋಷಿಗೆ ಸಿಟ್ಟು ಬಂದರೆ ಸಾಕು, ಬೇಡವೆಂದರೂ ಹಿಂತಿರುಗಿ ನೋಡಿದರೆ ಸಾಕು. ಗ್ರೀಕರ ಮೆಡೂಸಾಳಿಗೆ ಶಾಪ ಹಾಕುವ ಶ್ರಮವೂ ಇಲ್ಲ. ಮುಖ ಕಂಡವನು ನಿಂತಲ್ಲೇ ಕಲ್ಲು. ಮಕ್ಕಳಿಗೆ ‘ಸ್ಟ್ಯಾಚ್ಯೂ’ ಎಂದು ಕೂಗಿದರೆ ಮುಗಿಯಿತು, ಮೂಗು ತುರಿಸಿದರೂ ಕೈ ಎತ್ತುವಂತಿಲ್ಲ.

ಕಷ್ಟವೇನೆಂದು ಮರಕ್ಕೆ ಗೊತ್ತು. ಉರುಳಿದ ಮರ ಗೆದ್ದಲು, ಅಣಬೆಗಳ ಬಾಯಿಗೆ ಬೀಳುವ ಮೊದಲೇ ಹೊಳೆಯ ಮರಳಿನಲ್ಲೋ ಜ್ವಾಲಾಮುಖಿಯ ಬೂದಿಯಲ್ಲೋ ಹೂತುಹೋಗಬೇಕು. ಗಾಳಿಯಾಡಿತೋ, ಲಡ್ಡು ಹಿಡಿದು ಪುಡಿಯಾಗುತ್ತದೆ. ಗಾಳಿ ತಾಗದಿದ್ದರೆ, ಮರಳಿನ ಮುಖ್ಯ ಅಂಶವಾದ ಸಿಲಿಕಾ ಕರಗಿಸಿಕೊಂಡ ನೀರು ಒಂದೊಂದು ಜೀವಕೋಶಕ್ಕೂ ಇಳಿದು ಒಳಗೋಡೆಗೆ ಗಿಲಾಯಿ ಮಾಡಿದ ಹಾಗೆ ಪದರ ಹಚ್ಚುತ್ತದೆ. ಮರ ಕರಗಿ ತೆರವಾದಷ್ಟು ಜಾಗಕ್ಕೂ ಸಿಲಿಕಾ. ಮೊದಲು ನೀರಿನಂಶವಿರುವ ಓಪಲ್ ಎಂಬ ಸಿಲಿಕಾ ಆಗಿದ್ದದ್ದು ಕಾಲಾಂತರದಲ್ಲಿ ಬೆಣಚುಕಲ್ಲು. ಕಬ್ಬಿಣ ಬೆರೆತರೆ ಕೆಂಪು, ಹಳದಿ, ಮ್ಯಾಂಗನೀಸಾದರೆ ಕಪ್ಪು. ಕೆಲಸ ಎಷ್ಟು ನಾಜೂಕೆಂದರೆ, ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಯಾವ ಜಾತಿಗೆ ಹತ್ತಿರದ ಮರವೆಂದು ಹೇಳಬಹುದು.

ವಾಲ್ಮೀಕಿಯ ಅಹಲ್ಯೆ ಕಲ್ಲಾದವಳಲ್ಲ. ಗಾಳಿಯನ್ನೇ ಉಂಡು, ಯಾರಿಗೂ ಕಾಣದೆ ಬೂದಿಯಲ್ಲಿ ಮಲಗಿದ್ದಳು. ಶಿಲೆಯಾಗಿಸಿದ್ದು ಆಮೇಲಿನ ಕವಿಗಳು. ಬೂದಿಯೇನೋ ಸರಿ, ಆದರೆ ಗಾಳಿ ಉಣ್ಣುತ್ತಾ ಕಲ್ಲಾಗಲು ಬರುವುದಿಲ್ಲ!

ತಮಿಳುನಾಡಿನ ತಿರುವಕ್ಕರೈಯಲ್ಲಿ ಹೀಗೆ ಕಲ್ಲಾದ, ಸುಮಾರು 2 ಕೋಟಿ ವರ್ಷದ ಮರದ ದಿಮ್ಮಿಗಳು ಬಿದ್ದಿವೆ. ಕೊಂಬೆಯಿಲ್ಲ, ತೊಗಟೆಯಿಲ್ಲ, ಬೇರೂ ಇಲ್ಲ. ಹುಟ್ಟಿದ ಊರು ಅದಲ್ಲ; ಪ್ರವಾಹದಲ್ಲಿ ತೇಲಿಬಂದು ಅಲ್ಲಿ ಹೂತುಕೊಂಡವು.

ಅವಸರದವರಿಗೆ ಇಂಗ್ಲೆಂಡಿನ ನೇರ್ಸ್‌ಬರೋದಲ್ಲಿ ಒಂದು ಚಿಲುಮೆಯಿದೆ. 1630ರಿಂದ ಕಾಸು ಪಡೆದು ತೋರಿಸುತ್ತಿದ್ದಾರೆ. ನೀರು ತೊಟ್ಟಿಕ್ಕುವಲ್ಲಿ ಗೊಂಬೆ ಕರಡಿಯನ್ನು ತೂಗುಹಾಕಿದರೆ 3ರಿಂದ 5 ತಿಂಗಳಲ್ಲಿ ಕಲ್ಲುಕರಡಿ. ನೀರು ಹೀರುವ ಬಟ್ಟೆ, ಹತ್ತಿ ಬೇಗ ಪಳಗುತ್ತವೆ. ಇದು ಮರದ ಜಾತಿಯ ಕಲ್ಲಲ್ಲ, ನೂಲಿಗೆ ಸುಣ್ಣದ ಅಂಗಿ. ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿತೆಂದರೆ ಕರಗಿದ್ದ ಸುಣ್ಣ ಹೊರಬಂದು ಅಂಟಿಕೊಳ್ಳುತ್ತದೆ.

ಇಷ್ಟಕ್ಕೆ ಇಂಗ್ಲೆಂಡಿನವರೆಗೆ ಹೋಗಬೇಕೇ? ಗಡುಸು ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್ ದಿನಾ ಕಲ್ಲಾಗುತ್ತಿದೆ. ಅಲ್ಲಿ ಬಿಸಿಗೆ ಅನಿಲ ಇನ್ನೂ ಬೇಗ ಹಾರುತ್ತದೆ. ಕಲ್ಲಿನ ಪೊರೆ ದಪ್ಪವಾದಷ್ಟೂ ಶಾಖ ನೀರಿಗೆ ದಾಟದೆ ಆ ಕಾಯಿಲ್ ತಾನೇ ಸುಡುತ್ತದೆ. ಆ ಬಿಳಿ ಚೂರಿಗೆ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಎದ್ದು ಕರಗುತ್ತದೆ. ಬೆಣಚುಕಲ್ಲಾದ ಮರಕ್ಕೆ ಹಿಂಡಿದರೆ ನಿಂಬೆಹಣ್ಣು ದಂಡ.